ಕಸೂತಿನಾ, ಆರಿನಾ, ಕುಚ್ಚಾ, ಕೌದಿನಾ? ಸೂಜಿ ಹಿಡಿಯುವ ಮೊದಲು ಒಮ್ಮೆ ಓದಿ

ಹೋದ ತಿಂಗಳು ಒಂದೇ ವಾರದಲ್ಲಿ ಮೂರು ಜನ ನನ್ನನ್ನು ಒಂದೇ ಪ್ರಶ್ನೆ ಕೇಳಿದರು. ಒಬ್ಬರು ಕುವೆಂಪುನಗರದ ನಮ್ಮ ಪಕ್ಕದ ಮನೆ ಮೇಡಂ, ಶಾಲೆಯಿಂದ ಈಗಷ್ಟೇ ರಿಟೈರ್ ಆದವರು. ಇನ್ನೊಬ್ಬಳು ನನ್ನ ಚಿಕ್ಕಮ್ಮನ ಮಗಳು, ಮದ್ದೂರಿನ ಹತ್ತಿರ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಾಳೆ. ಮೂರನೆಯವಳು ಬಾಣಂತನಕ್ಕೆ ಅಂತ ಮಂಡ್ಯದ ತವರಿಗೆ ಬಂದಿರುವ ಗೆಳತಿ. "ಕೈಯಲ್ಲಿ ಮಾಡುವ ಸೂಜಿ ಕೆಲಸ ಏನಾದರೂ ಕಲಿಯಬೇಕು ಅಂತಿದ್ದೀನಿ, ಯಾವುದು ಶುರು ಮಾಡಲಿ?" ಅನ್ನೋದೇ ಮೂವರ ಪ್ರಶ್ನೆ.

ಮೂವರಿಗೂ ನಾನು ಒಂದೇ ಉತ್ತರ ಕೊಡಲಿಲ್ಲ. ಆಮೇಲೆ ಕೂತು ಯೋಚಿಸಿದಾಗ, ಯಾಕೆ ಹಾಗೆ ಹೇಳಿದೆ ಅನ್ನೋದನ್ನು ಸರಿಯಾಗಿ ಬರೆದಿಟ್ಟರೆ ಇನ್ನೂ ನಾಲ್ಕು ಜನಕ್ಕೆ ಉಪಯೋಗ ಆಗುತ್ತೆ ಅನ್ನಿಸಿತು. ನಾನು ಇಪ್ಪತ್ತು ವರ್ಷದಿಂದ ಒಂದಲ್ಲ ಒಂದು ಸೂಜಿ ಹಿಡಿದುಕೊಂಡೇ ಇದ್ದೇನೆ. ಕೆಲವು ಕೈ ಹಿಡಿದವು, ಕೆಲವನ್ನು ಬಿಟ್ಟೆ. ಬಿಟ್ಟಿದ್ದರಿಂದಲೂ ಕಲಿತಿದ್ದು ಬಹಳ ಇದೆ.

ಮೊದಲು ಒಂದು ಪದದ ಗೊಂದಲ ಬಗೆಹರಿಸಿಕೊಳ್ಳೋಣ. ನಮ್ಮ ಮೈಸೂರು, ಮಂಡ್ಯ ಕಡೆ ಬಟ್ಟೆಯ ಮೇಲೆ ದಾರದಲ್ಲಿ ಏನು ಬಿಡಿಸಿದರೂ ಕಸೂತಿ ಅಂತಲೇ ಹೇಳುತ್ತೇವೆ. ಸ್ಕೂಲಿನಲ್ಲಿ ಕರ್ಚೀಫಿನ ಮೂಲೆಗೆ ಹಾಕಿದ ಲೇಜಿ ಡೇಜಿ ಹೂವೂ ನಮಗೆ ಕಸೂತಿನೇ. ಧಾರವಾಡ, ಹುಬ್ಬಳ್ಳಿ ಕಡೆ ಕಸೂತಿ ಅಂದರೆ ಒಂದೇ ಕೆಲಸ, ಅದಕ್ಕೆ ಅದರದ್ದೇ ನಾಲ್ಕು ಹೊಲಿಗೆ, ಅದರದ್ದೇ ನಿಯಮ, ಮತ್ತು ಆ ಹೆಸರಿಗೆ ಭೌಗೋಳಿಕ ಗುರುತಿನ (ಜಿಐ ಟ್ಯಾಗ್) ರಕ್ಷಣೆಯೂ ಇದೆ. ಈ ಬರಹದಲ್ಲಿ ಕಸೂತಿ ಅಂದಾಗಲೆಲ್ಲ ನಾನು ಹೇಳುತ್ತಿರುವುದು ಆ ಕಸೂತಿಯನ್ನೇ.

ಯಾವುದರ ಮೇಲೆ ಅಳೆಯಬೇಕು

ಎಲ್ಲರೂ ಮಾಡುವ ತಪ್ಪು ಏನೆಂದರೆ, ಮುಗಿದ ವಸ್ತುವನ್ನು ನೋಡಿ ಮನಸೋತು ಕೆಲಸವನ್ನು ಆರಿಸಿಕೊಳ್ಳುವುದು. ಮೊಬೈಲಿನಲ್ಲಿ ಒಂದು ಬ್ಲೌಸ್ ನೋಡುತ್ತೇವೆ, ಆಹಾ ಅನ್ನಿಸುತ್ತೆ, ಮಾರನೇ ದಿನ ಫ್ರೇಮು ತರುತ್ತೇವೆ. ಮುಗಿದ ವಸ್ತು ಕಣ್ಣ ಮುಂದೆ ಇರುವುದು ಕೊನೆಯ ದಿನ ಮಾತ್ರ. ಅಲ್ಲಿಯವರೆಗೆ ನಮ್ಮ ಜೊತೆ ಇರುವುದು ಕೆಲಸ. ಹಾಗಾಗಿ ಕೆಲಸವನ್ನೇ ನೋಡಿ ಆರಿಸಬೇಕು.

ನಾನು ಐದು ವಿಷಯ ಕೇಳುತ್ತೇನೆ. ಯಾರಿಗೋಸ್ಕರ ಮಾಡುತ್ತೀರಿ, ಮನಸ್ಸಿಗಾ, ಮನೆಗಾ, ದುಡ್ಡಿಗಾ? ನಿಮ್ಮ ಕಣ್ಣು ಹೇಗಿದೆ, ಚಾಳೀಸು ಬಂದಿದೆಯಾ? ನಿಮಗೆ ಸಿಗುವ ಹೊತ್ತು ಎಂಥದ್ದು, ಒಂದೇ ಸಲ ಮೂರು ಗಂಟೆ ಸಿಗುತ್ತಾ, ಇಲ್ಲ ಕುಕ್ಕರ್ ಕೂಗುವ ನಡುವೆ ಇಪ್ಪತ್ತು ನಿಮಿಷನಾ? ಶುರುವಿಗೆ ಎಷ್ಟು ದುಡ್ಡು ಹಾಕಬಹುದು? ಐದನೆಯದು ಯಾರೂ ಕೇಳದ ಪ್ರಶ್ನೆ, ನನಗೆ ಮಾತ್ರ ಎಲ್ಲಕ್ಕಿಂತ ದೊಡ್ಡದು. ತಪ್ಪಾದರೆ ಬಿಚ್ಚೋದು ಹೇಗೆ?

ಯಾಕೆಂದರೆ ತಪ್ಪು ಆಗೇ ಆಗುತ್ತೆ. ಕೆಲವು ಕೆಲಸ ಒಂದು ಎಳೆ ಎಳೆದರೆ ಸರಸರ ಬಿಚ್ಚಿಕೊಳ್ಳುತ್ತವೆ. ಕೆಲವನ್ನು ಒಂದೊಂದೇ ಹೊಲಿಗೆ ಸೂಜಿ ತುದಿಯಲ್ಲಿ ಎತ್ತಿ ಬಿಚ್ಚಬೇಕು. ಕೆಲವದರಲ್ಲಿ ಬಿಚ್ಚುವ ಮಾತೇ ಇಲ್ಲ, ಕತ್ತರಿಸಬೇಕು. ಇನ್ನು ಕೆಲವದರಲ್ಲಿ ತಪ್ಪು ಅನ್ನೋದೇ ಇಲ್ಲ. ನಿಮ್ಮ ಸ್ವಭಾವಕ್ಕೆ ಇದರಲ್ಲಿ ಯಾವುದು ಒಗ್ಗುತ್ತೆ ಅಂತ ಗೊತ್ತಾದರೆ ಅರ್ಧ ಉತ್ತರ ಸಿಕ್ಕಿದ ಹಾಗೆ. ಕಲಿತು ಬಿಟ್ಟವರಲ್ಲಿ ಹೆಚ್ಚಿನವರು ಬಿಟ್ಟಿದ್ದು ಬಿಚ್ಚುವ ಹಂತದಲ್ಲೇ.

ಕಸೂತಿ: ಎಣಿಸುವವರಿಗೆ

ಕಸೂತಿಯಲ್ಲಿ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವ ಹಾಗಿಲ್ಲ. ಟ್ರೇಸಿಂಗ್ ಇಲ್ಲ, ಪೆನ್ಸಿಲ್ ಇಲ್ಲ. ಬಟ್ಟೆಯ ಎಳೆ ಎಣಿಸಿಕೊಂಡು, ಇಷ್ಟು ಎಳೆ ಮೇಲೆ, ಇಷ್ಟು ಎಳೆ ಕೆಳಗೆ ಅಂತ ಹೋಗಬೇಕು. ಹೊಲಿಗೆ ನಾಲ್ಕೇ. ಗವಂತಿ, ಮುರ್ಗಿ, ನೇಗಿ, ಮೆಂತೆ.

ಗವಂತಿ ಅಂದರೆ ಎರಡು ಸುತ್ತಿನ ಓಟ. ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ ಹಾಕಿಕೊಂಡು ಹೋಗುತ್ತೀರಿ, ಅದೇ ದಾರಿಯಲ್ಲಿ ವಾಪಸ್ ಬರುವಾಗ ಖಾಲಿ ಬಿಟ್ಟ ಜಾಗ ತುಂಬುತ್ತೀರಿ. ಮುಗಿದಾಗ ಮುಂದೆ ಹೇಗೋ ಹಿಂದೆಯೂ ಹಾಗೇ. ಮುರ್ಗಿಯೂ ಇದೇ ಥರ, ಆದರೆ ಮೆಟ್ಟಿಲು ಮೆಟ್ಟಿಲಾಗಿ ಓರೆಯಾಗಿ ಹತ್ತುತ್ತೆ. ನೇಗಿ ನೇಯ್ಗೆಯಂತೆ ಕಾಣುತ್ತೆ, ಉದ್ದ, ಗಿಡ್ಡ ಎಳೆಗಳು ಒತ್ತೊತ್ತಾಗಿ ಬರುತ್ತವೆ. ಮೆಂತೆ ಅಂದರೆ ಒಂದರ ಮೇಲೊಂದು ಅಡ್ಡ ದಾಟುವ ಕತ್ತರಿ (ಕ್ರಾಸ್) ಹೊಲಿಗೆ, ಮೆಂತೆ ಕಾಳು ಚೆಲ್ಲಿದ ಹಾಗೆ. ಗವಂತಿ ಅನ್ನೋ ಹೆಸರು ಗಂಟಿನಿಂದ ಬಂದಿದ್ದು ಅಂತಾರೆ, ಆದರೆ ಕಸೂತಿಯಲ್ಲಿ ಗಂಟು ಹಾಕುವ ಹಾಗೇ ಇಲ್ಲ. ದಾರದ ತುದಿಯನ್ನು ಹೊಲಿಗೆಯ ಅಡಿಯಲ್ಲೇ ಅಡಗಿಸಬೇಕು.

ಇದರ ಚಿತ್ತಾರಗಳೆಲ್ಲ ಊರಿನ ದಿನದ ಬದುಕಿನಿಂದ ಬಂದಿದ್ದು. ಗೋಪುರ, ತೇರು, ಪಲ್ಲಕ್ಕಿ, ತುಳಸಿ ಕಟ್ಟೆ, ತೊಟ್ಟಿಲು, ನವಿಲು, ಅಂಬಾರಿ ಹೊತ್ತ ಆನೆ. ಮೈಸೂರಿನವರಿಗೆ ಅಂಬಾರಿ ಆನೆ ಹೊಸದಾಗಿ ಹೇಳಿಕೊಡಬೇಕಾ? ನಾನು ಮೊದಲು ಹಾಕಿದ್ದೇ ಅದು. ಉತ್ತರ ಕರ್ನಾಟಕದಲ್ಲಿ ಇಳಕಲ್ ಸೀರೆಗೆ, ಮದುವೆಯ ಕಪ್ಪು ರೇಷ್ಮೆಯ ಚಂದ್ರಕಾಳಿ ಸೀರೆಗೆ ಕಸೂತಿ ಹಾಕುವ ರೂಢಿ ಹಳೆಯದು. ಗವಂತಿಯಂಥ ಹೊಲಿಗೆ ಯುರೋಪಿನಲ್ಲೂ ಇತ್ತು. 16ನೇ ಶತಮಾನದಲ್ಲಿ ಹಾನ್ಸ್ ಹೋಲ್ಬೈನ್ ಅನ್ನೋ ಚಿತ್ರಕಾರ ಬಿಡಿಸಿದ ಜನರ ಕಾಲರು, ತೋಳುಗಳ ಮೇಲೆ ಅದು ಕಾಣುತ್ತೆ, ಹಾಗಾಗಿ ಅಲ್ಲಿ ಅದಕ್ಕೆ ಹೋಲ್ಬೈನ್ ಹೊಲಿಗೆ ಅಂತಲೇ ಹೆಸರು. ಚಿತ್ರ ಬರೆದವನ ಹೆಸರು ಹೊಲಿಗೆಗೆ ಬಂತು, ಹೊಲಿದ ಹೆಂಗಸರ ಹೆಸರು ಅಲ್ಲೂ ಉಳಿಯಲಿಲ್ಲ, ಇಲ್ಲೂ ಉಳಿಯಲಿಲ್ಲ. ಇದನ್ನು ನೆನೆದಾಗಲೆಲ್ಲ ನನಗೆ ಬೇಜಾರಾಗುತ್ತೆ.

ಇನ್ನು ಅಳತೆಗೆ ಬರೋಣ. ಖರ್ಚು ತುಂಬಾ ಕಡಿಮೆ. ಎಳೆ ಸುಲಭವಾಗಿ ಎಣಿಕೆಗೆ ಸಿಗುವ ಮ್ಯಾಟಿ ಬಟ್ಟೆ ಅರ್ಧ ಮೀಟರ್, ಮೊಂಡು ತುದಿಯ ಸೂಜಿ, ನಾಲ್ಕು ಬಣ್ಣದ ದಾರ. ಆ್ಯಂಕರ್ ದಾರದ ಒಂದು ಲಡಿ 8 ಮೀಟರ್ ಇರುತ್ತೆ, ಅದರಲ್ಲಿ 6 ಎಳೆ, ಎರಡೇ ಎಳೆ ಬಿಡಿಸಿಕೊಂಡು ಹೊಲಿದರೆ ಒಂದು ಲಡಿ ಬಹಳ ದಿನ ಬರುತ್ತೆ. ಎಲ್ಲ ಸೇರಿ ಮುನ್ನೂರು ರೂಪಾಯಿ ಒಳಗೆ ಶುರು ಮಾಡಬಹುದು. ಚೀಲದಲ್ಲಿ ಹಾಕಿಕೊಂಡು ಎಲ್ಲಿಗೆ ಬೇಕಾದರೂ ಒಯ್ಯಬಹುದು.

ಕಷ್ಟ ಇರುವುದು ಕಣ್ಣಿಗೆ ಮತ್ತು ಗಮನಕ್ಕೆ. ಒಂದು ಎಳೆ ತಪ್ಪಿ ಎಣಿಸಿದರೆ ಆ ಕ್ಷಣ ಗೊತ್ತಾಗುವುದಿಲ್ಲ. ಗೋಪುರದ ತುದಿಗೆ ಹೋಗಿ, ವಾಪಸ್ ಬಂದು, ಎರಡು ಗೆರೆ ಸೇರಬೇಕಾದ ಜಾಗದಲ್ಲಿ ಸೇರದೇ ಹೋದಾಗ ಗೊತ್ತಾಗುತ್ತೆ. ಆಗ ಬಂದ ದಾರಿಯಲ್ಲೇ ಹೊಲಿಗೆ ಹೊಲಿಗೆಯಾಗಿ ಬಿಚ್ಚಬೇಕು. ಸಂಜೆಯ ಕೆಲಸ ಪೂರ್ತಿ ಹೋಗಬಹುದು. ಮಗು ಅಳುವ ನಡುವೆ, ಟಿವಿ ನೋಡುತ್ತಾ, ಮಾತಾಡುತ್ತಾ ಮಾಡುವ ಕೆಲಸ ಇದಲ್ಲ. ಆದರೆ ಸುಡೊಕು ಇಷ್ಟ ಇದ್ದವರಿಗೆ, ಹದಿನೇಳು ಚುಕ್ಕಿ ರಂಗೋಲಿಯನ್ನು ಪುಸ್ತಕ ನೋಡದೆ ಹಾಕುವವರಿಗೆ, ಇದರಷ್ಟು ತೃಪ್ತಿ ಬೇರೆ ಯಾವುದೂ ಕೊಡುವುದಿಲ್ಲ.

ಒಂದು ಎಚ್ಚರಿಕೆ. ಮೈಸೂರು ಸಿಲ್ಕ್ ಸೀರೆಯ ಮೇಲೆ ಶುರು ಮಾಡಬೇಡಿ. ಆ ಕ್ರೇಪ್ ಬಟ್ಟೆಯ ಎಳೆ ಬರಿಗಣ್ಣಿಗೆ ಎಣಿಕೆಗೆ ಸಿಗುವುದಿಲ್ಲ. ಅನುಭವ ಇರುವವರು ಜಾಳು ಬಟ್ಟೆಯನ್ನು ಮೇಲಿಟ್ಟು, ಎರಡನ್ನೂ ಸೇರಿಸಿ ಹೊಲಿದು, ಆಮೇಲೆ ಆ ಜಾಳಿನ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯುತ್ತಾರೆ. ಅದು ಎರಡನೇ ವರ್ಷದ ಪಾಠ.

ಖಾದಿ ಮೇಲೆ ಹಾಕಬಹುದಾ ಅಂತ ಬಹಳ ಜನ ಕೇಳುತ್ತಾರೆ. ನಮಗೆ ಖಾದಿ ದೂರದ ವಸ್ತು ಅಲ್ಲ. ನಂಜನಗೂಡು ತಾಲ್ಲೂಕಿನ ಬದನವಾಳಿನ ಖಾದಿ ಕೇಂದ್ರಕ್ಕೆ ಗಾಂಧೀಜಿ 1927ರಲ್ಲಿ ಬಂದಿದ್ದರು. ಮೇಲುಕೋಟೆಯ ಜನಪದ ಸೇವಾ ಟ್ರಸ್ಟ್ ಇವತ್ತಿಗೂ ಖಾದಿ ನೇಯ್ಗೆ, ನೈಸರ್ಗಿಕ ಬಣ್ಣದ ಕೆಲಸಕ್ಕೆ ಹೆಸರಾಗಿದೆ. ಆದರೆ ಕೈಯಲ್ಲಿ ನೂತ ನೂಲು ಒಂದು ಕಡೆ ದಪ್ಪ, ಒಂದು ಕಡೆ ತೆಳು ಇರುತ್ತೆ, ಅದೇ ಅದರ ಚಂದ. ಎಣಿಸಿ ಹೊಲಿದರೆ ಗೋಪುರ ಒಂದು ಕಡೆ ಎಳೆದ ಹಾಗೆ ಕಾಣುತ್ತೆ. ಕಲಿಯುವಾಗ ಮ್ಯಾಟಿ, ಕೈ ಪಳಗಿದ ಮೇಲೆ ಖಾದಿ. ಮುಂದೆ ಹೇಳುವ ಕೌದಿಗೆ, ಅಂದರೆ ಹಳೆ ಬಟ್ಟೆಯ ಪದರ ಸೇರಿಸಿ ಹೊಲಿಯುವ ಹಾಸಿಗೆ ಹೊದಿಕೆಗೆ, ಮಾತ್ರ ಖಾದಿ ತುಂಡು ಮೊದಲ ದಿನದಿಂದಲೇ ಸೈ.

ಆರಿ: ದುಡ್ಡು ಇದೆ, ಜಾಗವೂ ಬೇಕು

ಈಗ ಮೈಸೂರಿನಲ್ಲಿ ಯಾವ ಬಡಾವಣೆಗೆ ಹೋದರೂ ಆರಿ ಕ್ಲಾಸಿನ ಬೋರ್ಡು ಕಾಣುತ್ತೆ. ಕೆಲವರು ಮಗ್ಗಂ ವರ್ಕ್ ಅಂತಾರೆ. ಮದುವೆ ಬ್ಲೌಸಿನ ಕಾಲ ಇದು, ಕೆಲಸಕ್ಕೆ ಬರ ಇಲ್ಲ.

ಆರಿ ಅಂದರೆ ಮೊದಲು ಚರ್ಮದ ಕೆಲಸದವರ ಉಪಕರಣ. ಗುಜರಾತಿನ ಮೋಚಿಗಳು ಚಪ್ಪಲಿ, ಕುದುರೆ ಜೀನಿನ ಮೇಲೆ ಕೊಕ್ಕೆಯ ಮೊನೆಯಿಂದ ಹಾಕುತ್ತಿದ್ದ ಸರಪಳಿ ಹೊಲಿಗೆ ಬಟ್ಟೆಗೆ ಬಂತು, ಅಲ್ಲಿಂದ ಯುರೋಪಿಗೂ ಹೋಗುವಷ್ಟು ಹೆಸರು ಮಾಡಿತು. ಚಕ್ರಕ್ಕೋ ಸ್ಟ್ಯಾಂಡಿಗೋ ಬಟ್ಟೆಯನ್ನು ತಮಟೆಯ ಹಾಗೆ ಬಿಗಿದು ಕಟ್ಟುತ್ತಾರೆ. ದಾರ ಬಟ್ಟೆಯ ಕೆಳಗಿರುತ್ತೆ, ಕೊಕ್ಕೆ ಸೂಜಿ ಮೇಲಿನಿಂದ ಇಳಿದು ಅದನ್ನು ಹಿಡಿದು ಮೇಲಕ್ಕೆ ಎಳೆಯುತ್ತೆ. ಮೇಲಿನ ಕೈ ಕೊಕ್ಕೆ ತಿರುಗಿಸಬೇಕು, ಕೆಳಗಿನ ಕೈ ಕಾಣದ ಜಾಗದಲ್ಲಿ ದಾರ ಕೊಡಬೇಕು. ಮೊದಲ ವಾರ ಎರಡು ಕೈಯೂ ಮಾತು ಕೇಳುವುದಿಲ್ಲ. ಒಮ್ಮೆ ಕೂಡಿಬಂದರೆ ಸಾಮಾನ್ಯ ಸೂಜಿಗಿಂತ ಎಷ್ಟೋ ಪಾಲು ಬೇಗ ಓಡುತ್ತೆ. ಆಮೇಲೆ ಮಣಿ, ಕುಂದನ್ ಕಲ್ಲು, ಜರ್ದೋಸಿಯ ಸ್ಪ್ರಿಂಗಿನಂಥ ಜರಿ ತಂತಿ, ಎಲ್ಲಾ ಅದರ ಮೇಲಿನ ಅಲಂಕಾರ.

ಬಿಚ್ಚೋದು ಸುಲಭ, ಅತಿ ಸುಲಭ ಅಂತಲೇ ಹೇಳಬೇಕು. ಸರಪಳಿ ಹೊಲಿಗೆಯ ಕೊನೆಯ ಕುಣಿಕೆ ಎಳೆದರೆ ಒಂದೇ ಉಸಿರಿಗೆ ಪೂರ್ತಿ ಬಿಚ್ಚಿಕೊಳ್ಳುತ್ತೆ. ಅದಕ್ಕೇ ಕೊನೆಯಲ್ಲಿ ಗಂಟು ಭದ್ರ ಮಾಡದಿದ್ದರೆ ಗಿರಾಕಿ ಮೊದಲ ಸಲ ಹಾಕಿಕೊಂಡಾಗಲೇ ಬಳೆಗೆ ಸಿಕ್ಕಿ ಎದ್ದು ಬರುತ್ತೆ. ಮಣಿ ಹಾಕಿದ ಮೇಲೆ ಬಿಚ್ಚಿದರೆ ಮನೆಯೆಲ್ಲ ಮಣಿ.

ಖರ್ಚು: ಸೂಜಿ ಅಗ್ಗ. ಸ್ಟ್ಯಾಂಡು, ಮಣಿ, ರೇಷ್ಮೆ ದಾರ ಎಲ್ಲ ಸೇರಿದರೆ ಎರಡು, ಮೂರು ಸಾವಿರ ಸುಲಭವಾಗಿ ಹೋಗುತ್ತೆ, ಕ್ಲಾಸಿನ ಫೀಸು ಬೇರೆ. ಪುಸ್ತಕ, ವಿಡಿಯೋ ನೋಡಿ ಕಲಿಯೋದು ಕಷ್ಟ, ಕೆಳಗಿನ ಕೈ ಏನು ಮಾಡುತ್ತೆ ಅನ್ನೋದು ವಿಡಿಯೋದಲ್ಲಿ ಕಾಣುವುದೇ ಇಲ್ಲ. ಹಾಗಾಗಿ ಕ್ಲಾಸು ಬೇಕು. ನಾನು ಸೇರಿದ್ದ ಒಂದು ಕಡೆ ಮೂರು ತಿಂಗಳ ಫೀಸು ಮೊದಲೇ ಕಟ್ಟಿಸಿಕೊಂಡರು. ಹದಿನಾಲ್ಕು ಜನಕ್ಕೆ ಸ್ಟ್ಯಾಂಡು ಇದ್ದಿದ್ದು ನಾಲ್ಕು. ನನ್ನ ಸರದಿ ಬರುವಷ್ಟರಲ್ಲಿ ಮನೆಗೆ ಹೋಗುವ ಹೊತ್ತಾಗುತ್ತಿತ್ತು. ಕಟ್ಟಿದ ದುಡ್ಡು ವಾಪಸ್ ಬರಲಿಲ್ಲ. ನೀವು ಹೋಗುವಾಗ ದುಡ್ಡು ಕೊಡುವ ಮೊದಲು ಒಂದು ದಿನ ಸುಮ್ನೆ ಕೂತು ನೋಡಿ. ಎಷ್ಟು ಜನ, ಎಷ್ಟು ಫ್ರೇಮು, ಕಲಿಸುವವರು ನಿಮ್ಮ ಕೈ ಹಿಡಿದು ತಿದ್ದುತ್ತಾರಾ ಇಲ್ಲವಾ, ಅಷ್ಟು ಸಾಕು.

ಮನೆಯಲ್ಲಿ ಸ್ಟ್ಯಾಂಡು ಹಾಕಿದ್ದು ಹಾಕಿದ ಹಾಗೇ ಇರಲು ಒಂದು ಮೂಲೆ ಬೇಕು. ಪುಟ್ಟ ಮಕ್ಕಳಿದ್ದರೆ ಆ ಮೂಲೆಗೆ ಬಾಗಿಲು ಇರಬೇಕು. ಬೆನ್ನಿಗೂ ಬೀಳುತ್ತೆ. ಗಾರ್ಮೆಂಟ್ಸ್‌ನಲ್ಲಿ ದಿನವೆಲ್ಲ ಬಗ್ಗಿ ಕೂತು ಬರುವ ನನ್ನ ತಂಗಿಗೆ ಇದನ್ನು ನಾನು ಹೇಳಲಿಲ್ಲ, ಅವಳಿಗೆ ದುಡ್ಡು ಬೇಕು ಅಂತ ಗೊತ್ತಿದ್ದೂ ಹೇಳಲಿಲ್ಲ. ಕಂಪ್ಯೂಟರ್ ಎಂಬ್ರಾಯ್ಡರಿ ಮೆಷಿನ್ನು ಅರ್ಧ ಬೆಲೆಗೆ ಹತ್ತಿರ ಹತ್ತಿರ ಅದೇ ಥರ ಕಾಣುವ ಕೆಲಸ ಮಾಡಿಕೊಡುತ್ತೆ, ಅದರ ಜೊತೆ ಸ್ಪರ್ಧೆ ಮಾಡಬೇಕಾದರೆ ಕೈ ತುಂಬಾ ಚೆನ್ನಾಗಿ ಪಳಗಿರಬೇಕು. ಒಂದು ವರ್ಷ ಗಟ್ಟಿಯಾಗಿ ಕೂರುವ ಮನಸ್ಸಿದ್ದರೆ ಮಾತ್ರ ಆರಿ.

ಕುಚ್ಚು: ನಮ್ಮ ಕಡೆಯ ಮನೆ ಮನೆಯ ಕೆಲಸ

ತಂಗಿಗೆ ನಾನು ಹೇಳಿದ್ದು ಸೀರೆ ಕುಚ್ಚು.

ಇದನ್ನು ಕಲೆ ಅಂತ ಯಾರೂ ಲೆಕ್ಕಕ್ಕೆ ಇಡುವುದಿಲ್ಲ, ಅದು ನನಗೆ ಒಪ್ಪಿಗೆ ಇಲ್ಲ. ಸೀರೆಯನ್ನು ಮಗ್ಗದಿಂದ ಕತ್ತರಿಸಿದಾಗ ತುದಿಯಲ್ಲಿ ಹಾಸಿನ ಎಳೆಗಳು ಹಾಗೇ ಜೋತು ಬಿದ್ದಿರುತ್ತವೆ. ಕಟ್ಟದೆ ಬಿಟ್ಟರೆ ಅಡ್ಡ ಎಳೆ ಜಾರಿ ಸೆರಗು ಬಿಚ್ಚಿಕೊಳ್ಳುತ್ತಾ ಬರುತ್ತೆ. ಅದನ್ನು ತಡೆಯಲು ಹಾಕಿದ ಗಂಟೇ ಕುಚ್ಚು, ಚಂದ ಆಮೇಲೆ ಬಂದಿದ್ದು. ಶ್ರೀರಂಗಪಟ್ಟಣ ತಾಲ್ಲೂಕಿನ ಕೊಡಿಯಾಲದಂಥ ನೇಕಾರರ ಊರು ಇರುವ ಸೀಮೆ ನಮ್ಮದು, 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ರೇಷ್ಮೆ ಕಾರ್ಖಾನೆ ಶುರುವಾದ ಊರು ಮೈಸೂರು. ರೇಷ್ಮೆ ಸೀರೆ ಇರುವ ಕಡೆ ಕುಚ್ಚಿನ ಕೆಲಸ ಇದ್ದೇ ಇರುತ್ತೆ.

ಬೇಕಾಗುವುದು ರೇಷ್ಮೆ ದಾರದ ಉಂಡೆ, ಸಣ್ಣ ಸೂಜಿ, ಕತ್ತರಿ. ಇನ್ನೂರು ರೂಪಾಯಿಗೆ ಶುರು. ಸಾದಾ ಕುಚ್ಚು ಒಂದು ವಾರದಲ್ಲಿ ಕಲಿಯಬಹುದು, ಅಕ್ಕಪಕ್ಕದ ಯಾರಾದರೂ ಹೇಳಿಕೊಡುತ್ತಾರೆ. ಆಮೇಲೆ ಬೇಬಿ ಕುಚ್ಚು, ಮಣಿ ಕುಚ್ಚು, ಕ್ರೋಶಾ ಕುಚ್ಚು ಅಂತ ಮೇಲಕ್ಕೆ ಹೋಗಬಹುದು, ರೇಟೂ ಹಾಗೇ ಏರುತ್ತೆ. ಸಾದಾ ಕೆಲಸಕ್ಕೆ ನೂರೈವತ್ತು, ಇನ್ನೂರರಿಂದ ಹಿಡಿದು, ಕ್ರೋಶಾದ ದೊಡ್ಡ ಡಿಸೈನಿಗೆ ಸಾವಿರ ದಾಟುವವರೆಗೂ ಕೇಳಿದ್ದೇನೆ. ಅಂಗಡಿಯವರ ಕೈಯಿಂದ ತೆಗೆದುಕೊಂಡರೆ ಕೆಲಸ ತಪ್ಪದೆ ಬರುತ್ತೆ, ದುಡ್ಡು ಕಡಿಮೆ. ನೇರವಾಗಿ ಗಿರಾಕಿ ಹಿಡಿದರೆ ದುಡ್ಡು ಜಾಸ್ತಿ, ಕೆಲಸ ಆಷಾಢದಲ್ಲಿ ಒಣಗಿ ಶ್ರಾವಣದಲ್ಲಿ ಉಕ್ಕುತ್ತೆ. ಯಾವುದೇ ಆಗಲಿ, ಸೀರೆ ಕೈಗೆ ತೆಗೆದುಕೊಳ್ಳುವ ಮೊದಲು ರೇಟು ಮಾತಾಡಿ, ಸೀರೆಯ ಫೋಟೋ ತೆಗೆದಿಟ್ಟುಕೊಳ್ಳಿ. ಮೊದಲೇ ಇದ್ದ ಕಲೆ ನಿಮ್ಮ ತಲೆಗೆ ಬರಬಾರದು.

ಕೊರತೆ ಏನೆಂದರೆ, ಇದು ಅದೇ ಅದೇ ಕೆಲಸ. ಒಂದು ಸೀರೆಗೆ ನೂರಾರು ಗಂಟು. ಕೈ ಓಡುತ್ತೆ, ಮನಸ್ಸು ಖಾಲಿ. ತಪ್ಪಾದರೆ ಬಿಚ್ಚೋದು ಕಷ್ಟ. ಸೇರಿಸಿದ ದಾರ ಆದರೆ ಕತ್ತರಿಸಿ ಹೊಸದು ಹಾಕಬಹುದು, ಸೀರೆಯ ಸ್ವಂತ ಎಳೆಯನ್ನು ಕತ್ತರಿಸಿದರೆ ಮತ್ತೆ ಬರುವುದಿಲ್ಲ. ಹಾಗಾಗಿ ಮೊದಲ ಹತ್ತು ಸೀರೆ ನಿಮ್ಮ ಮನೆಯವರದೇ ಇರಲಿ.

ಕ್ರೋಶಾ, ಕ್ರಾಸ್ ಸ್ಟಿಚ್, ಲಂಬಾಣಿ

ಈ ಮೂರನ್ನು ಬೇಗ ಹೇಳಿ ಮುಗಿಸುತ್ತೇನೆ.

ದಿನಾ ಬೆಂಗಳೂರಿಗೆ ಚಾಮುಂಡಿ ಎಕ್ಸ್‌ಪ್ರೆಸ್‌ನಲ್ಲಿ ಓಡಾಡುವವರಿಗೆ ಕ್ರೋಶಾ ಬಿಟ್ಟರೆ ಬೇರೆ ಹೇಳುವುದಿಲ್ಲ. ಒಂದು ಕೊಕ್ಕೆ, ಒಂದು ಉಂಡೆ. ರೈಲು ಅಲುಗಾಡಿದರೂ ನಡೆಯುತ್ತೆ, ಮಂಡ್ಯದಲ್ಲಿ ಸೀಟು ಬಿಟ್ಟುಕೊಡಬೇಕಾದರೆ ತಕ್ಷಣ ಸುತ್ತಿ ಇಡಬಹುದು, ಕಣ್ಣು ಅಷ್ಟಾಗಿ ಬೇಡ, ಬೆರಳೇ ಎಣಿಸುತ್ತೆ. ತಪ್ಪಾದರೆ ಎಳೆಯಿರಿ, ಬಿಚ್ಚಿಕೊಳ್ಳುತ್ತೆ, ದಾರವೂ ಹಾಳಾಗುವುದಿಲ್ಲ. ನಮ್ಮಮ್ಮನ ಕಾಲದಲ್ಲಿ ಎಲ್ಲರ ಮನೆಯ ಬಾಗಿಲ ತೋರಣ, ಟಿವಿ ಮೇಲಿನ ಬಟ್ಟೆ ಇದರದ್ದೇ ಆಗಿತ್ತು. ಇದನ್ನು ಕಲಿತವರಿಗೆ ಕ್ರೋಶಾ ಕುಚ್ಚಿನ ದಾರಿ ತಾನಾಗಿ ತೆರೆಯುತ್ತೆ ಅನ್ನೋದು ದೊಡ್ಡ ಲಾಭ.

ಕ್ರಾಸ್ ಸ್ಟಿಚ್ ಎಣಿಕೆ ಕಲಿಯಲು ಒಳ್ಳೆಯದು. ಆದರೆ ಅಂಗಡಿಯ ರೆಡಿ ಕಿಟ್ಟಿನಲ್ಲಿ ಬರುವ ನಾಯಿಮರಿ, ಗುಲಾಬಿಗೆ ದುಡ್ಡು ಹಾಕುವ ಬದಲು ಅದೇ ಬಟ್ಟೆ ತಂದು ಮೆಂತೆ ಹೊಲಿಗೆ ಕಲಿಯಿರಿ ಅಂತಲೇ ನನ್ನ ಅಭಿಪ್ರಾಯ.

ಲಂಬಾಣಿ ಕೆಲಸ ಕಣ್ಣಿಗೆ ಹಬ್ಬ. ಕನ್ನಡಿ, ಕವಡೆ, ಕಡು ಕೆಂಪು, ನೀಲಿ. ಬಳ್ಳಾರಿ ಸೀಮೆಯ ಸಂಡೂರಿನ ಲಂಬಾಣಿ ಹೆಂಗಸರ ಕೆಲಸಕ್ಕೂ ಭೌಗೋಳಿಕ ಗುರುತು ಇದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ20 ಸಭೆ ನಡೆದಾಗ 1755 ಲಂಬಾಣಿ ವಸ್ತುಗಳನ್ನು ಒಟ್ಟಿಗೆ ಇಟ್ಟು ಗಿನ್ನೆಸ್ ದಾಖಲೆ ಮಾಡಿದರು. ಕನ್ನಡಿ ಕೂರಿಸುವ ಹೊಲಿಗೆಯನ್ನು ಮನೆಯ ದಿಂಬಿನ ಕವರಿಗೆ ಕಲಿಯಿರಿ, ತಪ್ಪಿಲ್ಲ. ಆದರೆ ಅದು ಒಂದು ಸಮುದಾಯದ ಉಡುಗೆ, ಅವರ ಗುರುತು. ಮಾರುವ ಯೋಚನೆ ಇದ್ದರೆ ಆ ಹೆಸರಿನಲ್ಲಿ ಮಾರಬೇಡಿ. ಲಂಬಾಣಿ ಕೆಲಸವೇ ಬೇಕು ಅಂದರೆ ಮಾಡಿದವರ ಕೈಯಿಂದ ಕೊಳ್ಳಿ.

ಕೌದಿ: ತಪ್ಪೇ ಇಲ್ಲದ ಕೆಲಸ

ಬಾಣಂತಿ ಗೆಳತಿಗೆ ನಾನು ಹೇಳಿದ್ದು ಇದನ್ನು. ನನಗೆ ಎಲ್ಲಕ್ಕಿಂತ ಹತ್ತಿರದ್ದೂ ಇದೇ.

ಕೌದಿ ಅನ್ನೋ ಹೆಸರು ಹೆಚ್ಚಾಗಿ ಉತ್ತರ ಕರ್ನಾಟಕದ್ದು. ನಮ್ಮಜ್ಜಿ, ಮದ್ದೂರಿನ ಹತ್ತಿರದ ಹಳ್ಳಿಯವರು, ಹೆಸರೇನೂ ಇಟ್ಟಿರಲಿಲ್ಲ. ಸವೆದ ಹತ್ತಿ ಸೀರೆಗಳನ್ನು ಮೂರು, ನಾಲ್ಕು ಪದರ ಮಾಡಿ ಹಾಸಿ, ಅಂಚಿನಿಂದ ಅಂಚಿಗೆ ದೊಡ್ಡ ದೊಡ್ಡ ಹೊಲಿಗೆ ಹಾಕಿ ಮಗುವಿನ ಕೆಳಗೆ ಹಾಸುವುದಕ್ಕೆ ಮಾಡುತ್ತಿದ್ದರು. ನಾನು ಮಲಗಿದ್ದು ಅದರ ಮೇಲೇ. ಅಜ್ಜಿಯ ಹೊಲಿಗೆ ಯಾವತ್ತೂ ನೆಟ್ಟಗೆ ಹೋಗುತ್ತಿರಲಿಲ್ಲ, ಗದ್ದೆಯ ಬದುವಿನ ಹಾಗೆ ಸ್ವಲ್ಪ ಬಾಗಿಕೊಂಡೇ ಹೋಗುತ್ತಿತ್ತು. ಕತ್ತಲಲ್ಲಿ ಆ ಗೆರೆಗಳ ಮೇಲೆ ಬೆರಳು ಓಡಿಸುತ್ತಾ ನಿದ್ದೆ ಮಾಡುತ್ತಿದ್ದೆ.

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡು ಕಡೆ ಇರುವ ಸಿದ್ದಿ ಹೆಂಗಸರು ಮಾಡುವ ಕೌದಿಗೆ ಕವಂದಿ ಅಂತಾರೆ. ಅವರು ಬಟ್ಟೆಯ ಅಂಚಿನಿಂದ ತುಂಡು ಜೋಡಿಸಲು ಶುರು ಮಾಡಿ, ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬಂದು ಮುಗಿಸುತ್ತಾರೆ. ನಾಲ್ಕೂ ಮೂಲೆಗೆ ಮಡಿಸಿದ ಬಟ್ಟೆಯ ಹೂವು ಇಡುತ್ತಾರೆ, ಅದನ್ನು ಫೂಲ ಅಂತ ಕರೆಯುತ್ತಾರೆ. ಅದಿಲ್ಲದಿದ್ದರೆ ಕವಂದಿ ಬತ್ತಲೆ ಅನ್ನೋ ಮಾತು ಅವರಲ್ಲಿದೆ. ಬಂಗಾಳದ ಕಾಂತಾ ಕೂಡ ಹಳೆ ಸೀರೆಯ ಪದರಗಳ ಮೇಲೆ ಇದೇ ಓಟದ ಹೊಲಿಗೆ. ಬಟ್ಟೆ ಬಿಸಾಡಲು ಮನಸ್ಸು ಬಾರದ ಹೆಂಗಸರು ಎಲ್ಲೆಲ್ಲಿ ಇದ್ದರೋ ಅಲ್ಲೆಲ್ಲ ಈ ಕೆಲಸ ತಾನಾಗಿ ಹುಟ್ಟಿದೆ ಅಂತ ನನಗೆ ಅನ್ನಿಸುತ್ತೆ.

ಅಳತೆ ನೋಡಿ. ಖರ್ಚು ಹತ್ತಿರ ಹತ್ತಿರ ಸೊನ್ನೆ, ದಪ್ಪ ಹತ್ತಿ ದಾರ ಮತ್ತು ಉದ್ದ ಸೂಜಿ ಅಷ್ಟೇ. ಚಾಳೀಸು ಬಂದವರಿಗೂ ತೊಂದರೆ ಇಲ್ಲ. ಮಧ್ಯೆ ಎದ್ದು ಹೋಗಬಹುದು, ಹತ್ತು ದಿನ ಬಿಟ್ಟು ಬಂದರೂ ಎಲ್ಲಿದ್ದೆ ಅಂತ ಹುಡುಕಬೇಕಾಗಿಲ್ಲ. ಬಿಚ್ಚುವ ಪ್ರಶ್ನೆಯೇ ಇಲ್ಲ. ಒಂದು ಕಡೆ ವಕ್ರ ಆದರೆ ಅದರ ಮೇಲೆ ಇನ್ನೊಂದು ತುಂಡು ಬರುತ್ತೆ. ಇಬ್ಬರು ಎರಡು ಕಡೆ ಕೂತು ಒಟ್ಟಿಗೆ ಹೊಲಿಯಬಹುದಾದ ಕೆಲಸ ಇದು. ಬಾಣಂತಿಯೂ ಅವಳ ಅಮ್ಮನೂ ಮಧ್ಯಾಹ್ನ ಮಗು ಮಲಗಿದಾಗ ಎದುರು ಬದುರು ಕೂತು ಹೊಲಿಯುತ್ತಿದ್ದಾರೆ.

ಆದರೆ ಬಟ್ಟೆ ಆರಿಸುವಾಗ ಹುಷಾರು. ಪಾಲಿಯೆಸ್ಟರ್, ಸಿಂಥೆಟಿಕ್ ಸೀರೆ ಬೇಡ. ಅದು ಬೆವರು ಹೀರುವುದಿಲ್ಲ, ಪದರಗಳು ಒಂದರ ಮೇಲೊಂದು ಜಾರುತ್ತವೆ. ಹಳೆಯ ಹತ್ತಿ ಸೀರೆ, ಪಂಚೆ, ವಾಯ್ಲ್ ಇದ್ದರೆ ಸರಿ. ಬಹಳ ಹರಿದದ್ದು ಒಳಪದರಕ್ಕೆ, ಗಟ್ಟಿ ಇರುವುದು ಹೊರಗೆ. ಮಗುವಿನದ್ದಕ್ಕೆ ಗುಂಡಿ, ಕನ್ನಡಿ, ಜರಿ ಏನೂ ಬೇಡ. ದೊಡ್ಡ ಮಂಚದ ಅಳತೆಗೆ ಹೋಗಬೇಡಿ, ಅದು ತಿಂಗಳುಗಟ್ಟಲೆ ಹಿಡಿಯುತ್ತೆ, ಒದ್ದೆಯಾದಾಗ ಎತ್ತಲೂ ಆಗದಷ್ಟು ಭಾರ. ಮೂರು ಅಡಿ ಉದ್ದಗಲದ್ದು ದಿನಕ್ಕೊಂದು ಗಂಟೆ ಕೂತರೆ ಮೂರ್ನಾಲ್ಕು ವಾರಕ್ಕೆ ಮುಗಿಯುತ್ತೆ. ಇದರಿಂದ ಬದುಕು ನಡೆಸುವಷ್ಟು ದುಡ್ಡು ಬರುತ್ತೆ ಅಂತ ಮಾತ್ರ ನಂಬಬೇಡಿ. ಕೊಳ್ಳುವವರು ಹಳೇ ಬಟ್ಟೆ ಅಂತ ನೋಡುತ್ತಾರೆ, ಅದರೊಳಗಿನ ಗಂಟೆಗಳನ್ನು ನೋಡುವುದಿಲ್ಲ.

ಕಲಿಯುವುದಲ್ಲ, ಕೊಳ್ಳುವುದೇ ಆದರೆ

ಕೆಲವರಿಗೆ ಕಲಿಯುವ ಹೊತ್ತಿಲ್ಲ, ಆದರೆ ಒಂದು ಒಳ್ಳೆಯ ವಸ್ತು ಮನೆಗೆ ಬೇಕು. ಕಾವೇರಿ ಎಂಪೋರಿಯಂನಲ್ಲೋ, ಜೆಎಸ್‌ಎಸ್ ಅರ್ಬನ್ ಹಾತ್‌ನಲ್ಲಿ ಮೇಳ ಇದ್ದಾಗಲೋ ಹೋದರೆ ನೋಡಲು ಬಹಳ ಸಿಗುತ್ತೆ. ಎಲ್ಲಿ ಕೊಂಡರೂ ಬಟ್ಟೆಯನ್ನು ತಿರುಗಿಸಿ ಹಿಂಬದಿ ನೋಡಿ. ಗವಂತಿ, ಮುರ್ಗಿ ಕೆಲಸ ಆದರೆ ಹಿಂದೆಯೂ ಅದೇ ಚಿತ್ರ ಇರಬೇಕು. ಹಿಂದೆ ಪೂರ್ತಿ ಒಂದೇ ಬಣ್ಣದ ತೆಳು ಬಾಬಿನ್ ದಾರ, ಪೇಪರಿನಂಥ ಗಟ್ಟಿ ಪಟ್ಟಿ ಕಂಡರೆ ಅದು ಮೆಷಿನ್ನು. ಮೆಷಿನ್ ಕೆಲಸ ಕೊಳ್ಳಬಾರದು ಅಂತಲ್ಲ, ಕೈ ಕೆಲಸದ ಬೆಲೆ ಅದಕ್ಕೆ ಕೊಡಬಾರದು ಅಷ್ಟೇ.

ಇನ್ನೂ ಗೊಂದಲ ಇದೆಯಾ?

ಹಾಗಿದ್ದರೆ ಹೀಗೆ ಮಾಡಿ. ಈ ಭಾನುವಾರ ದೇವರಾಜ ಮಾರುಕಟ್ಟೆ ಸುತ್ತಮುತ್ತಲ ದಾರದ ಅಂಗಡಿಗೋ, ಮಂಡ್ಯದ ಪೇಟೆ ಬೀದಿಗೋ ಹೋಗಿ ಮ್ಯಾಟಿ ಬಟ್ಟೆ ಕಾಲು ಮೀಟರ್, ಎರಡು ಲಡಿ ದಾರ, ಒಂದು ಮೊಂಡು ಸೂಜಿ, ಒಂದು ಕ್ರೋಶಾ ಕಡ್ಡಿ ತನ್ನಿ. ಎಲ್ಲ ಸೇರಿ ಇನ್ನೂರೈವತ್ತು ರೂಪಾಯಿ ಆಸುಪಾಸು. ಮನೆಯಲ್ಲಿ ಒಂದು ಹಳೆ ಹತ್ತಿ ಸೀರೆ ಹುಡುಕಿ. ಮೂರು ಸಂಜೆ ಕಸೂತಿಯ ಒಂದು ಪುಟ್ಟ ಗೋಪುರ, ಮೂರು ಸಂಜೆ ಕ್ರೋಶಾದ ಒಂದು ಚೌಕ, ಮೂರು ಸಂಜೆ ಕೌದಿಯ ಒಂದು ಅಡಿ. ಬೇಕೆಂತಲೇ ಪ್ರತಿಯೊಂದರಲ್ಲೂ ಎರಡು ಸಾಲು ಬಿಚ್ಚಿ ಮತ್ತೆ ಹಾಕಿ, ಕೌದಿಯಲ್ಲಿ ಬಿಚ್ಚುವ ಬದಲು ಮೇಲೊಂದು ತುಂಡು ಹೊಲಿಯಿರಿ. ಹತ್ತನೇ ಸಂಜೆ ಯಾರೂ ಹೇಳದೆ ನಿಮ್ಮ ಕೈ ಯಾವುದರ ಕಡೆ ಹೋಗುತ್ತೋ ಅದಕ್ಕೆ ಮಾತ್ರ ಮುಂದಿನ ದುಡ್ಡು ಹಾಕಿ. ಕೈ ಕ್ರೋಶಾ ಕಡೆ ಹೋಗಿ, ದುಡ್ಡೂ ಬೇಕಿದ್ದರೆ ಕುಚ್ಚು. ದುಡ್ಡು ಜಾಸ್ತಿ ಬೇಕು, ಮನೆಯಲ್ಲಿ ಮೂಲೆಯೂ ಇದೆ, ಒಂದು ವರ್ಷ ಕಾಯುವ ತಾಳ್ಮೆಯೂ ಇದೆ ಅಂದರೆ ಆಗ ಆರಿ ಕ್ಲಾಸಿಗೆ ಹೋಗಿ ನೋಡಿ.

ಪಕ್ಕದ ಮನೆ ಮೇಡಂಗೆ ಚಾಳೀಸು ಇದೆ ಅಂತ ನಾನು ಕೌದಿ ಮಾಡಿ ಅಂದಿದ್ದೆ. ಅವರು ಈ ಒಂಬತ್ತು ಸಂಜೆ ಮಾಡಿ ನೋಡಿ ಕಸೂತಿಯನ್ನೇ ಆರಿಸಿಕೊಂಡರು. ಮೂವತ್ತು ವರ್ಷ ಗಣಿತ ಹೇಳಿಕೊಟ್ಟವರು, ಎಣಿಸುವುದು ಅವರಿಗೆ ಉಸಿರಾಟದ ಹಾಗೆ. ಎಳೆ ದಪ್ಪ ಇರುವ ಮ್ಯಾಟಿ ತಂದುಕೊಂಡಿದ್ದಾರೆ, ಬೆಳಿಗ್ಗೆ ಒಂಬತ್ತರಿಂದ ಹನ್ನೊಂದರವರೆಗೆ ಎಡಗಡೆಯಿಂದ ಬಿಸಿಲು ಬೀಳುವ ಹಾಗೆ ವರಾಂಡದಲ್ಲಿ ಕೂರುತ್ತಾರೆ, ಸಂಜೆ ಮುಟ್ಟುವುದಿಲ್ಲ. ಮೊದಲ ಗೋಪುರವನ್ನು ಎರಡು ಸಲ ಬಿಚ್ಚಿದರು. ನಿನ್ನೆ ಮೂರನೆಯದು ತೋರಿಸಲು ಕಾಂಪೌಂಡಿನ ಹತ್ತಿರ ಕರೆದರು, ಕೊಡುವಾಗ ಬಟ್ಟೆಯನ್ನು ತಿರುಗಿಸಿ ಹಿಂಬದಿಯನ್ನೇ ಮೇಲೆ ಮಾಡಿ ಕೊಟ್ಟರು.